ಮಕ್ಕಳ ಹಲ್ಲಿನ ಆರೈಕೆ ಹೇಳಿಕೊಡಲು ಕ್ಲಿನಿಕ್ ಸಿಬ್ಬಂದಿಯನ್ನು ತಯಾರು ಮಾಡುವುದು ಹೇಗೆ?

ದಂತವೈದ್ಯರೂ ಕ್ಲಿನಿಕ್ ನಡೆಸುವವರೂ ಪದೇ ಪದೇ ಕೇಳುವ ಪ್ರಶ್ನೆ ಇದು: "ಹಲ್ಲುಜ್ಜುವುದು, ಸಿಹಿ, ಫ್ಲೋರೈಡ್ ಇವನ್ನೆಲ್ಲ ಅಪ್ಪ-ಅಮ್ಮಂದಿರಿಗೆ ಬಿಡಿಸಿ ಹೇಳಲು ನಮಗೆ ಹೊತ್ತು ಸಿಗುವುದಿಲ್ಲ. ಸಹಾಯಕರಿಂದ, ರಿಸೆಪ್ಷನ್‌ನಲ್ಲಿ ಕೂರುವವರಿಂದ ಇದನ್ನು ಮಾಡಿಸಬಹುದೇ? ಅವರಿಗೆ ಹೇಗೆ ಕಲಿಸಬೇಕು?"

ಖಂಡಿತ ಮಾಡಿಸಬಹುದು. ಮಕ್ಕಳ ಹಲ್ಲಿನ ಆರೋಗ್ಯಕ್ಕಾಗಿ ಸ್ಕಾಟ್ಲೆಂಡ್ ನಡೆಸುವ ಚೈಲ್ಡ್‌ಸ್ಮೈಲ್ ಕಾರ್ಯಕ್ರಮದಲ್ಲಿ ಹೆಚ್ಚುವರಿ ತರಬೇತಿ ಪಡೆದ ಡೆಂಟಲ್ ನರ್ಸ್‌ಗಳೇ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್, ಅಂದರೆ ಹುಳುಕು ತಡೆಯುವ ಫ್ಲೋರೈಡ್ ಖನಿಜವಿರುವ ಲೇಪ ಹಚ್ಚುತ್ತಾರೆ. ಆದರೆ ಒಂದು ಮಧ್ಯಾಹ್ನ ಸ್ಲೈಡ್ ತೋರಿಸಿ, "ನಾಳೆಯಿಂದ ಶುರು ಮಾಡಿ" ಎಂದುಬಿಟ್ಟರೆ ಕೆಲಸ ಆಗದು. ಎರಡು ಹೊತ್ತು ಹಲ್ಲುಜ್ಜಬೇಕು ಎಂಬುದು ಸಿಬ್ಬಂದಿಗೂ ಗೊತ್ತು, ಪೋಷಕರಿಗೂ ಗೊತ್ತು. ಅಳುವ ಎರಡು ವರ್ಷದ ಮಗುವಿನ ಬಾಯೊಳಗೆ ಬ್ರಶ್ ಹೋಗುವುದು ಹೇಗೆ, ಪೋಷಕರಿಗೆ ನೋವಾಗದಂತೆ ರಾತ್ರಿಯ ಹಾಲಿನ ಬಾಟಲಿಯ ಮಾತು ತೆಗೆಯುವುದು ಹೇಗೆ ಎಂಬುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಹಾಗಾಗಿ ತರಬೇತಿಯ ಅರ್ಧಕ್ಕಿಂತ ಹೆಚ್ಚು ಸಮಯ ಕೈಯಲ್ಲಿ ಮಾಡುವುದಕ್ಕೆ ಮತ್ತು ಮಾತಾಡಿ ನೋಡುವುದಕ್ಕೆ ಮೀಸಲಿರಲಿ.

ವಾರಕ್ಕೊಂದರಂತೆ ತಲಾ ಒಂದೂವರೆ ಗಂಟೆಯ ನಾಲ್ಕು ತರಗತಿಗಳು, ಆಮೇಲೆ ಮೇಲ್ವಿಚಾರಣೆಯಲ್ಲಿ ನಿಜವಾದ ಮಕ್ಕಳೊಂದಿಗೆ ಕೆಲಸ ಎಂದು ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ದಿನ ತುಂಬಿದರೆ ತಲೆಯಲ್ಲಿ ಉಳಿಯುವುದು ಸ್ವಲ್ಪವೇ. ವಾರದ ಅಂತರವಿದ್ದರೆ ಕಲಿತದ್ದನ್ನು ಮಾಡಿ ನೋಡಿ, ಸಿಕ್ಕಿಹಾಕಿಕೊಂಡ ಕಡೆ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ.

ಬೇಕಾಗುವ ಸಾಮಾನು: ಹಲ್ಲಿನ ದೊಡ್ಡ ಮಾದರಿ, ಮಗುವಿನಷ್ಟೇ ಗಾತ್ರದ ಗೊಂಬೆ, ಚಿಕ್ಕ ತಲೆಯ ಮೆತ್ತನೆ ಬ್ರಶ್‌ಗಳು, ಫ್ಲೋರೈಡ್ ಪೇಸ್ಟ್, ಪ್ಲಾಕ್‌ಗೆ ಬಣ್ಣ ಹಿಡಿಸುವ ಮಾತ್ರೆ, ಕೈಕನ್ನಡಿ, ಟಾರ್ಚ್. ಪ್ಲಾಕ್ ಎಂದರೆ ಹಲ್ಲಿನ ಮೇಲೆ ಕಟ್ಟುವ, ಬ್ಯಾಕ್ಟೀರಿಯಾ ತುಂಬಿದ ಅಂಟಂಟು ಪದರ.

ಹಂತ 1: ಯಾರು ಏನು ಮಾಡಬಹುದು ಎಂದು ಬರೆದಿಡಿ

ಸಲಹೆ ಹೇಳುವುದು ಬೇರೆ, ಬಾಯಿಗೆ ಕೈ ಹಾಕುವುದು ಬೇರೆ. ಹಲ್ಲುಜ್ಜಿ ತೋರಿಸುವುದು, ಆಹಾರದ ಬಗ್ಗೆ ಮಾತಾಡುವುದು ಹೆಚ್ಚಿನ ಕಡೆ ಯಾವ ಸಹಾಯಕರೂ ಮಾಡಬಹುದಾದ ಕೆಲಸ. ವಾರ್ನಿಷ್ ಹಚ್ಚುವುದಕ್ಕೆ ಕೆಲವು ಕಡೆ ಪ್ರತ್ಯೇಕ ಪ್ರಮಾಣಪತ್ರ ಬೇಕು, ಕೆಲವು ಕಡೆ ಸಹಾಯಕರಿಗೆ ಅನುಮತಿಯೇ ಇಲ್ಲ. ನಿಮ್ಮಲ್ಲಿನ ದಂತವೈದ್ಯ ಪರಿಷತ್ತಿನ ನಿಯಮ ಓದಿ, ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಸಾಲು ಬರೆಯಿರಿ: ತಾವಾಗಿ ಮಾಡಬಹುದಾದದ್ದು, ವೈದ್ಯರು ಬರೆದುಕೊಟ್ಟ ಮೇಲೆ ಮಾಡಬಹುದಾದದ್ದು, ಮಾಡಲೇಬಾರದ್ದು.

ಮೂರನೇ ಸಾಲಿನಲ್ಲಿ "ಇದು ಹುಳುಕಲ್ಲ, ಚಿಂತೆ ಬೇಡ" ಎಂದು ಹೇಳುವುದೂ ಸೇರಿರಲಿ. ರೋಗ ಇದೆ ಅಥವಾ ಇಲ್ಲ ಎಂದು ಹೇಳುವುದು ವೈದ್ಯರ ಕೆಲಸ. ಧೈರ್ಯ ತುಂಬಲು ಹೋಗಿ ಸಹಾಯಕರು ಆಡಿದ ಒಂದು ಮಾತಿನಿಂದ ಮಗುವಿನ ಚಿಕಿತ್ಸೆ ತಿಂಗಳುಗಟ್ಟಲೆ ಮುಂದೆ ಹೋಗಬಹುದು.

ಹಂತ 2: ಎಲ್ಲರೂ ಹೇಳುವ ಮಾತು ಒಂದೇ ಆಗಿರಲಿ

ರಿಸೆಪ್ಷನ್‌ನಲ್ಲಿ "ಪೇಸ್ಟ್ ಈಗಲೇ ಬೇಡ" ಎಂದು, ಒಳಗೆ ಸಹಾಯಕರು "ಹಾಕಬಹುದು" ಎಂದು, ವೈದ್ಯರು ಇನ್ನೊಂದು ಹೇಳಿದರೆ ಪೋಷಕರು ತಮಗೆ ಅನುಕೂಲವಾದದ್ದನ್ನು ಹಿಡಿದುಕೊಂಡು ಹೋಗುತ್ತಾರೆ. ತರಬೇತಿಗೆ ಮುಂಚೆಯೇ ಒಂದು ಪುಟದ ಹಾಳೆ ಸಿದ್ಧಮಾಡಿ, ವೈದ್ಯರ ಸಹಿ ಹಾಕಿಸಿ. ಅದರಲ್ಲಿ ಇರಬೇಕಾದದ್ದು:

ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಶ್ ಶುರು. ದಿನಕ್ಕೆ ಎರಡು ಸಲ. ಅದರಲ್ಲಿ ಒಂದು ರಾತ್ರಿ ಮಲಗುವ ಮುಂಚಿನ ಕೊನೆಯ ಕೆಲಸವಾಗಿರಬೇಕು. ನಿದ್ದೆಯಲ್ಲಿ ಜೊಲ್ಲು ಸ್ರವಿಸುವುದು ಬಹಳ ಕಡಿಮೆಯಾಗುತ್ತದೆ, ಹಲ್ಲನ್ನು ತೊಳೆದು ಕಾಪಾಡುವ ವ್ಯವಸ್ಥೆ ಆಗ ಹೆಚ್ಚುಕಡಿಮೆ ನಿಂತಿರುತ್ತದೆ.

ಪೇಸ್ಟಿನಲ್ಲಿ ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರಬೇಕು. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಅಳತೆ. 1000 ಪಿಪಿಎಂ ಪೇಸ್ಟಿನ 1 ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಟ್ಯೂಬಿನ ಮೇಲೆ ಕಾರ್ಟೂನ್ ಚಿತ್ರವಿದೆ ಎಂಬ ಮಾತ್ರಕ್ಕೆ ಅದು ಮಕ್ಕಳಿಗೆ ಸರಿ ಎಂದಲ್ಲ. ಕೆಲವದರಲ್ಲಿ ಫ್ಲೋರೈಡ್ ತೀರ ಕಡಿಮೆ, ಕೆಲವದರಲ್ಲಿ ಇರುವುದೇ ಇಲ್ಲ. ಹಿಂಬದಿಯ ಸಣ್ಣಕ್ಷರ ಓದುವುದನ್ನು ಸಿಬ್ಬಂದಿಗೆ ಕಲಿಸಿ.

3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಸವರಿದ ಪೇಸ್ಟ್, ಅಂದರೆ ಸುಮಾರು 0.1 ಗ್ರಾಂ. 3ರಿಂದ 6 ವರ್ಷದವರಿಗೆ ಬಟಾಣಿಕಾಳಿನಷ್ಟು, ಸುಮಾರು 0.25 ಗ್ರಾಂ. ಉಜ್ಜಿದ ಮೇಲೆ ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು. ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ನೀರಿನ ಜೊತೆ ಹೋಗಿಬಿಡುತ್ತದೆ. ಉಗುಳಲು ಬಾರದ ಪುಟ್ಟ ಮಕ್ಕಳು ಪೇಸ್ಟ್ ನುಂಗಿಬಿಡುತ್ತಾರೆ, ಅವರಿಗೆ ಪ್ರಮಾಣ ಕಡಿಮೆ ಇಟ್ಟಿರುವುದೇ ಆ ಕಾರಣಕ್ಕೆ. ಉಳಿದ ನೊರೆಯನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ಕನಿಷ್ಠ 7 ವರ್ಷದವರೆಗೆ ದೊಡ್ಡವರೇ ಉಜ್ಜಬೇಕು ಅಥವಾ ಪಕ್ಕದಲ್ಲಿ ನಿಂತು ನೋಡಬೇಕು. ಮಗುವಿಗೆ 1 ವರ್ಷ ತುಂಬುವುದರೊಳಗೆ ದಂತವೈದ್ಯರ ಮೊದಲ ಭೇಟಿ ಆಗಿರಬೇಕು.

ಎಚ್ಚರಿಕೆ ಎರಡು. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಪ್ರದೇಶವಾದರೆ ಈ ಹಾಳೆಯನ್ನು ವೈದ್ಯರು ಸ್ಥಳಕ್ಕೆ ತಕ್ಕಂತೆ ತಿದ್ದಬೇಕು. ವಿಶ್ವ ಆರೋಗ್ಯ ಸಂಸ್ಥೆ ನೀರಿಗೆ ಹಾಕಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊಟ್ಟೆಗೆ ಹೋದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದ ಮೇಲೆ ಬಿಳಿ ಗೆರೆ, ಮಚ್ಚೆ ಮೂಡುತ್ತವೆ, ಇದೇ ಫ್ಲೋರೋಸಿಸ್. ಇನ್ನೊಂದು, ಟ್ಯೂಬು ಮಗುವಿನ ಕೈಗೆ ಸಿಗಬಾರದು. ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಫ್ಲೋರೈಡ್ ಒಮ್ಮೆಲೇ ಒಳಹೋದರೆ ಅದು ತುರ್ತು ಪರಿಸ್ಥಿತಿ. 12 ಕಿಲೋ ಮಗುವಿಗೆ ಆ ಮಟ್ಟ 60 ಮಿಲಿಗ್ರಾಂ. 1000 ಪಿಪಿಎಂನ 100 ಗ್ರಾಂ ಟ್ಯೂಬಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಮಗು ಟ್ಯೂಬು ತಿಂದಿದೆ ಎಂದು ಫೋನ್ ಬಂದರೆ ಹಾಲು ಕುಡಿಸಿ ತಕ್ಷಣ ಆಸ್ಪತ್ರೆಗೆ ಹೊರಡಲು ಹೇಳಬೇಕು.

ಹಂತ 3: ಹುಳುಕು ಹೇಗೆ ಆಗುತ್ತದೆ ಎಂಬುದನ್ನು ತಮ್ಮದೇ ಮಾತಲ್ಲಿ ಹೇಳಲು ಬರಲಿ

ಪಠ್ಯಪುಸ್ತಕದ ಅಧ್ಯಾಯ ಬೇಡ. ನಾಲ್ಕು ವಿಷಯ ಗಟ್ಟಿಯಾದರೆ ಸಾಕು.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪ್ಲಾಕ್‌ನಲ್ಲಿರುವ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಆಮ್ಲೀಯತೆಯ ಅಳತೆಯಾದ ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಖನಿಜ ಕರಗತೊಡಗುತ್ತದೆ. ಮತ್ತೆ ಸಮಸ್ಥಿತಿಗೆ ಬರಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಆದ್ದರಿಂದ ಎಷ್ಟು ಸಿಹಿ ಎನ್ನುವಷ್ಟೇ ಮುಖ್ಯ, ದಿನಕ್ಕೆ ಎಷ್ಟು ಸಲ ಎನ್ನುವುದು. ಒಂದು ಲೋಟ ಸಿಹಿ ಪಾನೀಯವನ್ನು ಊಟದ ಜೊತೆ ಒಮ್ಮೆಲೇ ಕುಡಿದು ಮುಗಿಸುವುದಕ್ಕೂ ಸಿಪ್ಪರ್‌ನಲ್ಲಿ ಎರಡು ಗಂಟೆ ಚೀಪುವುದಕ್ಕೂ ಇರುವ ವ್ಯತ್ಯಾಸವನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಲು ಪ್ರತಿಯೊಬ್ಬರಿಗೂ ಬರಬೇಕು. ಪೋಷಕರಿಗೆ ಬೇಗ ನಾಟುವ ಚಿತ್ರ ಅದು.

ಎರಡನೆಯದು, ಬಿಳಿ ಮಚ್ಚೆ. ಮೇಲಿನ ಬಾಚಿಹಲ್ಲುಗಳಲ್ಲಿ ವಸಡಿನ ಅಂಚಿಗೆ ಕಾಣುವ ಮಂಕಾದ ಸುಣ್ಣದ ಬಣ್ಣದ ಪಟ್ಟಿ ಹುಳುಕಿನ ಮೊದಲ ಗುರುತು. ರಂಧ್ರ ಬೀಳುವ ಮುಂಚಿನ ಈ ಹಂತವನ್ನು ಫ್ಲೋರೈಡ್ ಮತ್ತು ಆಹಾರದ ಬದಲಾವಣೆಯಿಂದ ತಡೆಯಬಹುದು, ಹಿಂದಿರುಗಿಸಲೂಬಹುದು. ಕೆಳಗಿನ ಬಾಚಿಹಲ್ಲುಗಳಿಗೆ ನಾಲಿಗೆಯ ಮತ್ತು ಜೊಲ್ಲಿನ ರಕ್ಷಣೆ ಇರುವುದರಿಂದ ಅವು ಚೆನ್ನಾಗಿಯೇ ಕಾಣುತ್ತವೆ. ಅವನ್ನಷ್ಟೇ ನೋಡಿ "ಹಲ್ಲು ಚೆನ್ನಾಗಿದೆ" ಎಂದುಕೊಂಡರೆ ಮೋಸ ಹೋದಂತೆ. ಮೇಲ್ದುಟಿ ಎತ್ತಿ ನೋಡುವುದನ್ನು ಪೋಷಕರಿಗೆ ಕಲಿಸಲಿ, ತಿಂಗಳಿಗೊಮ್ಮೆ ಮನೆಯಲ್ಲೇ ನೋಡಲಿ.

ಮೂರನೆಯದು, "ಬಿದ್ದುಹೋಗುವ ಹಾಲುಹಲ್ಲು ತಾನೇ" ಎಂಬ ಮಾತಿಗೆ ಉತ್ತರ. ಹಾಲಿನ ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರುತ್ತವೆ. ಹುಳುಕಾದರೆ ನೋವು, ಕೀವು, ನಿದ್ದೆಗೇಡು. ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲು ಸರಿದು ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗ ಸಾಲದು.

ನಾಲ್ಕನೆಯದು ಬಹಳ ಮುಖ್ಯ, ಆದರೂ ತರಬೇತಿಗಳಲ್ಲಿ ಬಿಟ್ಟುಹೋಗುವುದು ಇದೇ. ಸುಮಾರು 6 ವರ್ಷಕ್ಕೆ, ಕೊನೆಯ ಹಾಲುಹಲ್ಲಿನ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಉದುರುವುದಿಲ್ಲವಾದ್ದರಿಂದ ಪೋಷಕರಿಗೆ ಅದು ಬಂದದ್ದೇ ತಿಳಿಯುವುದಿಲ್ಲ, ತಿಳಿದರೂ ಹಾಲುಹಲ್ಲೆಂದು ಬಿಡುತ್ತಾರೆ. ಅದರ ಮೇಲೆ ಆಳವಾದ ಸೀಳುಗಳಿರುತ್ತವೆ. ಹೊಸದಾಗಿ ಬರುವಾಗ ಉಳಿದ ಹಲ್ಲುಗಳಿಗಿಂತ ತಗ್ಗಿನಲ್ಲಿರುವುದರಿಂದ ಬ್ರಶ್ ಅದರ ಮೇಲಿಂದ ದಾಟಿಹೋಗುತ್ತದೆ. ಬ್ರಶ್ಶನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ತಂದು ಆ ಒಂದೇ ಹಲ್ಲನ್ನು ಬೇರೆಯಾಗಿ ಉಜ್ಜಬೇಕು. 5 ದಾಟಿದ ಪ್ರತಿ ಮಗುವಿನ ಪೋಷಕರಿಗೆ ಇದನ್ನು ಕನ್ನಡಿಯಲ್ಲಿ ತೋರಿಸುವುದು ಕಡ್ಡಾಯ ಎಂದು ಮಾಡಿ. ಸೀಳುಗಳನ್ನು ಮುಚ್ಚುವ ಲೇಪ, ಅಂದರೆ ಸೀಲೆಂಟ್ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ಹಂತ 4: ಹಲ್ಲುಜ್ಜುವುದನ್ನು ಪೋಷಕರ ಕೈಯಲ್ಲೇ ಮಾಡಿಸಿ

ಮಾದರಿ ಹಲ್ಲಿನ ಮೇಲೆ ತೋರಿಸಿ ಕಳಿಸಿದರೆ ಪೋಷಕರು ತಲೆಯಾಡಿಸಿ ಹೋಗುತ್ತಾರೆ, ಮನೆಯಲ್ಲಿ ಮಗು ಬಾಯಿ ಬಿಡುವುದಿಲ್ಲ. ಕ್ಲಿನಿಕ್‌ನಲ್ಲೇ ಅವರ ಕೈಗೆ ಬ್ರಶ್ ಕೊಡಬೇಕು. ಸಿಬ್ಬಂದಿ ಮೊದಲು ಗೊಂಬೆಯ ಮೇಲೆ, ಆಮೇಲೆ ಒಬ್ಬರಿಗೊಬ್ಬರು ಅಭ್ಯಾಸ ಮಾಡಲಿ.

3 ವರ್ಷದೊಳಗಿನ ಮಗುವಿಗೆ ಮಂಡಿಗೆ ಮಂಡಿ ತಾಗಿಸಿ ಕೂರುವ ಪದ್ಧತಿ ಒಳ್ಳೆಯದು. ತಾಯಿಯೋ ತಂದೆಯೋ ಮತ್ತು ಸಹಾಯಕರು ಎದುರುಬದುರು ಕೂರುತ್ತಾರೆ. ಮಗು ಪೋಷಕರ ಮುಖ ನೋಡುವಂತೆ ಅವರ ತೊಡೆಯ ಮೇಲೆ, ಕಾಲುಗಳು ಅವರ ಸೊಂಟದ ಎರಡೂ ಕಡೆ. ನಂತರ ಮಗುವನ್ನು ನಿಧಾನವಾಗಿ ಹಿಂದಕ್ಕೆ ಮಲಗಿಸಿದರೆ ತಲೆ ಸಹಾಯಕರ ಮಡಿಲಿಗೆ ಬರುತ್ತದೆ. ಪೋಷಕರು ಮಗುವಿನ ಕೈ ಹಿಡಿದಿರುತ್ತಾರೆ. ಬಾಯಿ ಇಬ್ಬರಿಗೂ ಚೆನ್ನಾಗಿ ಕಾಣುತ್ತದೆ. ಮಗು ಅತ್ತರೆ ಗಾಬರಿ ಬೇಡ, ಈ ವಯಸ್ಸಿನಲ್ಲಿ ಅಳು ಸಹಜ ಎಂದು ಪೋಷಕರಿಗೆ ಮೊದಲೇ ಹೇಳಿರಬೇಕು. ಹೇಳದಿದ್ದರೆ ಅವರು ನಾಚಿಕೊಂಡು ಅರ್ಧಕ್ಕೇ ನಿಲ್ಲಿಸುತ್ತಾರೆ.

ದೊಡ್ಡ ಮಗುವಾದರೆ ಪೋಷಕರು ಹಿಂದೆ ನಿಂತು, ಮಗುವಿನ ತಲೆಯನ್ನು ತಮ್ಮ ಹೊಟ್ಟೆಗೆ ಆನಿಸಿಕೊಂಡು, ಎಡಗೈಯಿಂದ ತುಟಿ ಸರಿಸಿ ಬಲಗೈಯಲ್ಲಿ ಉಜ್ಜಬೇಕು. ದಿನವೂ ಒಂದೇ ಕ್ರಮ: ಹೊರಬದಿ, ಒಳಬದಿ, ಅಗಿಯುವ ಮೇಲ್ಭಾಗ. ವಸಡಿನ ಅಂಚಿನಲ್ಲಿ ಬ್ರಶ್ ಓರೆಯಾಗಿಟ್ಟು ಸಣ್ಣ ಸುತ್ತುಗಳು. ಒಟ್ಟು 2 ನಿಮಿಷ. ಅಕ್ಕಪಕ್ಕದ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬ್ರಶ್ ಅಲ್ಲಿಗೆ ಹೋಗದು, ಫ್ಲಾಸ್ ದಾರ ಬೇಕು.

ಬಣ್ಣದ ಮಾತ್ರೆ ಬಳಸುವಾಗ ಮಗುವನ್ನು ನಾಚಿಸುವ ಮಾತು ಬೇಡ. "ನೋಡು, ಎಷ್ಟು ಕೊಳೆ" ಎನ್ನುವ ಬದಲು "ಬಣ್ಣ ಎಲ್ಲಿ ಉಳಿದಿದೆ ಹುಡುಕೋಣ" ಎಂದರೆ ಮಗುವೇ ಕನ್ನಡಿ ಹಿಡಿಯುತ್ತದೆ.

ಹಂತ 5: ಮಾತುಕತೆಗೆ ಒಂದಿಡೀ ತರಗತಿ ಕೊಡಿ

"ದಿನಾ ಎರಡು ಸಲ ಉಜ್ಜುತ್ತೀರಾ?" ಎಂದು ಕೇಳಿದರೆ ಬರುವ ಉತ್ತರ "ಹೌದು". ಅದರಿಂದ ಏನೂ ತಿಳಿಯುವುದಿಲ್ಲ. "ರಾತ್ರಿ ಊಟ ಆದಮೇಲೆ ಮಲಗುವವರೆಗೆ ಪುಟ್ಟಂದು ಏನೇನು ನಡೆಯುತ್ತೆ, ಸ್ವಲ್ಪ ಹೇಳ್ತೀರಾ?" ಎಂದು ಕೇಳಿ ನೋಡಿ. ಹಾಸಿಗೆಯಲ್ಲಿನ ಬಾಟಲಿ, ಸಿಹಿ ಔಷಧಿ, ಪಕ್ಕದಲ್ಲಿಟ್ಟ ಬಿಸ್ಕತ್ತು ಎಲ್ಲ ತಾನಾಗಿ ಹೊರಬರುತ್ತದೆ. ಸಿಬ್ಬಂದಿ ಇಬ್ಬಿಬ್ಬರಾಗಿ, ಒಬ್ಬರು ಪೋಷಕರಾಗಿ ಇನ್ನೊಬ್ಬರು ಸಲಹೆಗಾರರಾಗಿ ಅಭಿನಯಿಸಲಿ, ಮೂರನೆಯವರು ಗಮನಿಸಿ ಬರೆದುಕೊಳ್ಳಲಿ. ಮೊದಲ ಸಲ ಎಲ್ಲರೂ ಮುಜುಗರಪಡುತ್ತಾರೆ. ಬಿಡಬೇಡಿ, ಇಡೀ ತರಬೇತಿಯಲ್ಲಿ ಹೆಚ್ಚು ಫಲ ಕೊಡುವ ಅಭ್ಯಾಸ ಇದು.

ಮಾತಿನ ದಾರಿ ಹೀಗಿರಲಿ:

1. ಕೇಳಿಸಿಕೊಳ್ಳಿ. ಮಧ್ಯೆ ತಿದ್ದಬೇಡಿ.
2. ಈಗಾಗಲೇ ಸರಿಯಾಗಿ ಮಾಡುತ್ತಿರುವ ಒಂದನ್ನು ಹೆಸರಿಸಿ ಮೆಚ್ಚಿ.
3. "ಬಾಟಲಿ ಬಗ್ಗೆ ಒಂದು ವಿಷಯ ಹೇಳಬಹುದಾ?" ಎಂದು ಒಪ್ಪಿಗೆ ಕೇಳಿ. ಕೇಳಿ ಹೇಳಿದ ಮಾತಿಗೆ ಕಿವಿ ತೆರೆದಿರುತ್ತದೆ.
4. ಒಂದೇ ಗುರಿ. ಅದನ್ನು ಪೋಷಕರೇ ಆರಿಸಲಿ. "ಈ ವಾರದಿಂದ ಬಾಟಲಿ ಮುಗಿದ ಮೇಲೆ ಉಜ್ಜಿ ಮಲಗಿಸುತ್ತೇನೆ" ಎಂಬಷ್ಟು ಸ್ಪಷ್ಟವಾಗಿರಬೇಕು.
5. "0ಯಿಂದ 10ರಲ್ಲಿ, ಇದು ಮಾಡೋಕೆ ಆಗುತ್ತೆ ಅನ್ನೋ ಧೈರ್ಯ ಎಷ್ಟಿದೆ?" ಎಂದು ಕೇಳಿ. 6ಕ್ಕಿಂತ ಕಡಿಮೆ ಎಂದರೆ ಗುರಿಯನ್ನು ಇನ್ನೂ ಚಿಕ್ಕದು ಮಾಡಿ.
6. ಕೊನೆಗೆ, "ಮನೆಯಲ್ಲಿ ಅಜ್ಜಿಗೆ ಇದನ್ನ ಹೇಗೆ ಹೇಳ್ತೀರಿ?" ಎಂದು ಅವರ ಬಾಯಲ್ಲೇ ಹೇಳಿಸಿ. "ಅರ್ಥ ಆಯ್ತಾ?" ಎಂಬ ಪ್ರಶ್ನೆ ಬೇಡ, ಯಾರೂ ಇಲ್ಲ ಎನ್ನುವುದಿಲ್ಲ.

ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಭೇಟಿಯಲ್ಲಿ ಹತ್ತು ಸಲಹೆ ಸುರಿಯುವುದರಿಂದ. ಇನ್ನೊಂದು ತಪ್ಪು ಬೈಯುವುದು, ಹುಳುಕು ಹಲ್ಲಿನ ಭಯಾನಕ ಚಿತ್ರ ತೋರಿಸಿ ಹೆದರಿಸುವುದು. ಬೈಸಿಕೊಂಡ ತಾಯಿ ಮುಂದಿನ ಸಲ ಬರುವುದಿಲ್ಲ, ಬಂದರೂ ನಿಜ ಹೇಳುವುದಿಲ್ಲ. ಹಾನಿಯಾಗುವುದು ಮಗುವಿಗೆ.

ಮಗುವಿನ ಜೊತೆ ಮಾತಿಗೆ 1959ರಲ್ಲಿ ದಂತವೈದ್ಯ ಅಡ್ಡೆಲ್‌ಸ್ಟನ್ ವಿವರಿಸಿದ 'ಹೇಳು, ತೋರಿಸು, ಮಾಡು' ವಿಧಾನ ಇಂದಿಗೂ ಸಾಕು. ಏನು ಮಾಡುತ್ತೇನೆಂದು ಮಗುವಿನ ಮಾತಲ್ಲಿ ಹೇಳುವುದು, ಬೆರಳ ಉಗುರಿನ ಮೇಲೆ ತೋರಿಸುವುದು, ಹೇಳಿದಷ್ಟನ್ನೇ ತಡಮಾಡದೆ ಮಾಡುವುದು. "ನೋವಾಗಲ್ಲ" ಎನ್ನುವ ಮಾತೂ ಬೇಡ. ಮಗುವಿಗೆ ಕೇಳಿಸುವುದು ನೋವು ಎಂಬುದಷ್ಟೇ. "ಸುಮ್ಮನಿರದಿದ್ದರೆ ಸೂಜಿ ಚುಚ್ಚುತ್ತಾರೆ" ಎಂದು ಪೋಷಕರು ಹೆದರಿಸುವುದುಂಟು. ಅದನ್ನು ಮೆಲ್ಲನೆ ತಡೆಯುವುದನ್ನೂ ಅಭ್ಯಾಸ ಮಾಡಿಸಿ.

ಹಂತ 6: ಫ್ಲೋರೈಡ್ ವಾರ್ನಿಷ್ (ನಿಯಮ ಅನುಮತಿಸಿದರೆ ಮಾತ್ರ)

ಸಾಮಾನ್ಯವಾಗಿ ಬಳಸುವುದು ಶೇ. 5 ಸೋಡಿಯಂ ಫ್ಲೋರೈಡ್ ವಾರ್ನಿಷ್. ಅದರಲ್ಲಿ ಫ್ಲೋರೈಡ್ 22,600 ಪಿಪಿಎಂ, ಮಕ್ಕಳ ಪೇಸ್ಟಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಹನಿಯ ಲೆಕ್ಕ ಮುಖ್ಯ: ಹಾಲುಹಲ್ಲು ಮಾತ್ರ ಇರುವ ಮಗುವಿಗೆ 0.25 ಮಿಲಿ ಮೀರಬಾರದು, ಹಾಲುಹಲ್ಲು ಮತ್ತು ಶಾಶ್ವತ ಹಲ್ಲು ಎರಡೂ ಇರುವ ವಯಸ್ಸಿನಲ್ಲಿ 0.4 ಮಿಲಿ. 0.4 ಮಿಲಿಯ ಪುಟ್ಟ ಪ್ಯಾಕೆಟ್ ಒಡೆದೆವೆಂದು ಎರಡು ವರ್ಷದ ಮಗುವಿಗೆ ಪೂರ್ತಿ ಹಚ್ಚುವುದು ಸುಲಭವಾಗಿ ಆಗಿಬಿಡುವ ತಪ್ಪು.

ಮೊದಲು ವೈದ್ಯರು ಬರೆದದ್ದು ಮತ್ತು ಪೋಷಕರ ಲಿಖಿತ ಒಪ್ಪಿಗೆ ನೋಡಿ. ಆಮೇಲೆ ಮೂರು ಪ್ರಶ್ನೆ: ಆಸ್ತಮಾಕ್ಕೆ ಆಸ್ಪತ್ರೆಗೆ ಸೇರಿಸಿದ್ದುಂಟೇ? ಗಾಯದ ಅಂಟುಪಟ್ಟಿ ಹಾಕಿದರೆ ಅಲರ್ಜಿ ಆಗುತ್ತದೆಯೇ? ಬಾಯಲ್ಲಿ ಹುಣ್ಣಿದೆಯೇ? ಹಲವು ವಾರ್ನಿಷ್‌ಗಳಲ್ಲಿ ಕೊಲೊಫೊನಿ ಎಂಬ ಪೈನ್ ಮರದ ರಾಳ ಇರುತ್ತದೆ. ಕೆಲವು ಅಂಟುಪಟ್ಟಿಗಳಲ್ಲೂ ಅದೇ ಇರುವುದರಿಂದ ಎರಡನೇ ಪ್ರಶ್ನೆ. ಯಾವುದಕ್ಕಾದರೂ ಹೌದು ಎಂದರೆ ನಿಲ್ಲಿಸಿ ವೈದ್ಯರನ್ನು ಕರೆಯಬೇಕು.

ಪ್ಯಾಕೆಟ್ ಒಳಗೆ ಫ್ಲೋರೈಡ್ ತಳಕ್ಕಿಳಿದಿರುತ್ತದೆ, ಮೈಕ್ರೋಬ್ರಶ್‌ನಿಂದ ಚೆನ್ನಾಗಿ ಕಲಸಿ. ದಪ್ಪ ಪ್ಲಾಕ್ ಇದ್ದರೆ ಒರೆಸಿ ತೆಗೆಯಿರಿ. ಬಾಯಿಯ ಕಾಲುಭಾಗವನ್ನು ಹತ್ತಿಸುರುಳಿಯಿಂದ ಒಣಗಿಸಿ, ತೆಳುವಾಗಿ ಒಂದು ಪದರ ಎಳೆದು ಮುಂದಿನ ಭಾಗಕ್ಕೆ ಹೋಗಿ. ಜೊಲ್ಲು ತಾಗುತ್ತಿದ್ದಂತೆ ಅದು ಗಟ್ಟಿಯಾಗುತ್ತದೆ. ಮಗು ಸಹಕರಿಸುವ ಹೊತ್ತು ಕಡಿಮೆ ಎಂದು ಅನ್ನಿಸಿದರೆ ಮೇಲಿನ ಬಾಚಿಹಲ್ಲುಗಳ ವಸಡಿನಂಚು ಮತ್ತು ದವಡೆಹಲ್ಲುಗಳ ಸೀಳು ಮೊದಲಾಗಲಿ. ನರದವರೆಗೆ ಹೋಗಿರಬಹುದಾದ ದೊಡ್ಡ ರಂಧ್ರದೊಳಗೆ ಹಚ್ಚಬಾರದು.

30 ನಿಮಿಷ ಏನೂ ತಿನ್ನಬಾರದು, ಅಂದು ಮೆತ್ತಗಿನ ಆಹಾರ. ಮತ್ತೆ ಯಾವಾಗ ಉಜ್ಜಬಹುದು ಎಂಬುದು ತಯಾರಕರ ಸೂಚನೆಯಂತೆ ಬದಲಾಗುತ್ತದೆ. ಹಲ್ಲು ಒಂದು ದಿನ ಹಳದಿಯಾಗಿ ಕಾಣಬಹುದು ಎಂದು ಮೊದಲೇ ಹೇಳದಿದ್ದರೆ ಸಂಜೆಗೇ ಫೋನ್ ಬರುತ್ತದೆ. ಉತ್ಪನ್ನ, ಬ್ಯಾಚ್ ಸಂಖ್ಯೆ, ಪ್ರಮಾಣ, ದಿನಾಂಕ ದಾಖಲಿಸಿ. ಮಗುವಿನ ಅಪಾಯದ ಮಟ್ಟ ನೋಡಿ 3ರಿಂದ 6 ತಿಂಗಳಿಗೆ ಮತ್ತೆ ಬರಲು ವೈದ್ಯರು ಹೇಳುತ್ತಾರೆ.

ಒಬ್ಬರು ಕನಿಷ್ಠ 5 ಸಲ ನೋಡಿ, 10 ಸಲ ವೈದ್ಯರ ಎದುರು ಮಾಡಿದ ಮೇಲಷ್ಟೇ ಒಂಟಿಯಾಗಿ ಬಿಡಿ ಎಂಬುದು ನಮ್ಮ ಸಲಹೆ. ನಿಯಮ ಇದಕ್ಕಿಂತ ಹೆಚ್ಚು ಕೇಳಿದರೆ ನಿಯಮದಂತೆಯೇ ನಡೆಯಬೇಕು.

ಹಂತ 7: ಫೋನ್ ಎತ್ತುವವರಿಗೂ ತರಬೇತಿ ಬೇಕು

ಆಟವಾಡುವಾಗ ಶಾಶ್ವತ ಹಲ್ಲು ಬುಡಸಮೇತ ಬಿದ್ದರೆ ಬರುವ ಮೊದಲ ಫೋನ್ ರಿಸೆಪ್ಷನ್‌ಗೇ. ಮೇಜಿನ ಮೇಲೆ ಅಂಟಿಸಬೇಕಾದ ಮಾತು: ಹಲ್ಲಿನ ಬೇರು ಮುಟ್ಟಬೇಡಿ, ಬಿಳಿ ಭಾಗ ಹಿಡಿಯಿರಿ, ಕೊಳೆಯಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಕೆಲವು ಸೆಕೆಂಡು ಅದ್ದಿ, ಸಾಧ್ಯವಾದರೆ ಅದರ ಜಾಗಕ್ಕೇ ಮತ್ತೆ ಕೂರಿಸಿ ಕರವಸ್ತ್ರ ಕಚ್ಚಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿ ತಕ್ಷಣ ಹೊರಡಿ. ಹಾಲುಹಲ್ಲಾದರೆ ಮತ್ತೆ ಕೂರಿಸಲೇಬಾರದು, ಕೆಳಗಿನ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ. ಯಾವ ಹಲ್ಲೆಂದು ಫೋನಿನಲ್ಲೇ ಅಂದಾಜಿಸಲು ಮಗುವಿನ ವಯಸ್ಸನ್ನು ಮೊದಲು ಕೇಳಬೇಕು.

ಹಂತ 8: ಶಾಲೆಗೆ ಹೋಗುವುದಾದರೆ

ಸಾಮೂಹಿಕ ಹಲ್ಲುಜ್ಜುವಿಕೆಯಲ್ಲಿ ಸೋಂಕು ಹರಡದಂತೆ ನೋಡುವುದೇ ದೊಡ್ಡ ಕೆಲಸ. ಪ್ರತಿ ಬ್ರಶ್ಶಿಗೂ ಹೆಸರು ಅಥವಾ ಚಿಹ್ನೆ. ಟ್ಯೂಬಿನಿಂದ ನೇರವಾಗಿ ಬ್ರಶ್ಶಿಗೆ ಪೇಸ್ಟ್ ಹಾಕಬಾರದು. ತಟ್ಟೆಯ ಮೇಲೆ ದೂರದೂರಕ್ಕೆ ಬಿಡಿ ಬೊಟ್ಟುಗಳಾಗಿ ಇಟ್ಟು ಒಬ್ಬೊಬ್ಬರಿಗೆ ಒಂದೊಂದು. ಬ್ರಶ್‌ಗಳನ್ನು ಒಟ್ಟಿಗೆ ನೀರಲ್ಲಿ ಅದ್ದದೆ ಒಂದೊಂದಾಗಿ ಹರಿಯುವ ನೀರಲ್ಲಿ ತೊಳೆದು, ತಲೆ ಮೇಲಾಗಿ, ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಸ್ಟ್ಯಾಂಡಿನಲ್ಲಿಡಿ. ನೆಲಕ್ಕೆ ಬಿದ್ದದ್ದು ಕಸಕ್ಕೆ. ಶಿಕ್ಷಕರೊಬ್ಬರು ಇದರ ಹೊಣೆ ಹೊರದಿದ್ದರೆ ನಿಮ್ಮ ಸಿಬ್ಬಂದಿ ಬಂದುಹೋದ ವಾರವಷ್ಟೇ ನಡೆದು ನಿಂತುಹೋಗುತ್ತದೆ, ಮೊದಲು ಆ ವ್ಯಕ್ತಿಯನ್ನು ಗೊತ್ತುಮಾಡಿ.

ಹಂತ 9: ದಾಖಲೆ ಮತ್ತು ಹಿಂಬಾಲಿಕೆ

ಕೇಸ್ ಶೀಟಿನಲ್ಲಿ "ಸಲಹೆ ನೀಡಲಾಗಿದೆ" ಎಂದು ಬರೆದರೆ ಮುಂದಿನ ಸಲ ನೋಡುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಸಿ: "ರಾತ್ರಿ ಹಾಸಿಗೆಯಲ್ಲಿ ಬಾಟಲಿ. ಪೇಸ್ಟ್ 500 ಪಿಪಿಎಂ. ಗುರಿ: ಪೇಸ್ಟ್ ಬದಲಾವಣೆ, ತಾಯಿ ಆರಿಸಿದ್ದು, ಧೈರ್ಯ 8." ಮುಂದಿನ ಭೇಟಿಯ ಮೊದಲ ಪ್ರಶ್ನೆ ಇದರಿಂದಲೇ ಶುರುವಾಗಲಿ: "ಹೊಸ ಪೇಸ್ಟ್ ಪುಟ್ಟಂಗೆ ಇಷ್ಟ ಆಯ್ತಾ?" ತಮ್ಮ ಮಾತು ನೆನಪಿಟ್ಟುಕೊಂಡವರೆಂದರೆ ಪೋಷಕರಿಗೆ ನಂಬಿಕೆ ಬರುತ್ತದೆ.

ಪದೇ ಪದೇ ಭೇಟಿ ತಪ್ಪಿಸುವ, ನೋವಿದ್ದರೂ ಚಿಕಿತ್ಸೆಗೆ ಕರೆತರದ ಮಗು ಕಂಡರೆ ಸಹಾಯಕರು ತಾವೇ ತೀರ್ಮಾನಕ್ಕೆ ಬರದೆ, ಕಂಡದ್ದನ್ನು ಕಂಡಂತೆ ಬರೆದು ಅದೇ ದಿನ ವೈದ್ಯರ ಗಮನಕ್ಕೆ ತರಬೇಕು.

ತಿಂಗಳಿಗೊಮ್ಮೆ 20 ಕೇಸ್ ಶೀಟುಗಳನ್ನು ಯಾದೃಚ್ಛಿಕವಾಗಿ ತೆಗೆದು ಮೂರು ವಿಷಯ ನೋಡಿ: ಗುರಿ ಬರೆದಿದೆಯೇ, ಮುಂದಿನ ಭೇಟಿಯಲ್ಲಿ ಅದನ್ನು ಕೇಳಿದ್ದಾರೆಯೇ, 5 ದಾಟಿದ ಮಕ್ಕಳ ಪೋಷಕರಿಗೆ ಹೊಸ ದವಡೆಹಲ್ಲು ತೋರಿಸಿದ್ದಾರೆಯೇ. ಅರ್ಧ ಗಂಟೆ ಕೂತು ಅದನ್ನು ಸಿಬ್ಬಂದಿಯೊಂದಿಗೆ ಮಾತಾಡಿ. ಈ ಕೆಲಸಕ್ಕೆ ದಿನಚರಿಯಲ್ಲಿ ಪ್ರತಿ ಮಗುವಿಗೆ 10 ನಿಮಿಷ ಬೇರೆಯಾಗಿ ಇಟ್ಟಿರಬೇಕು. ಉಪಕರಣ ತೊಳೆಯುವ, ಬಿಲ್ ಮಾಡುವ ಕೆಲಸದ ನಡುವೆ ಮಾಡಿಕೊಳ್ಳಿ ಎಂದರೆ ಎರಡನೇ ತಿಂಗಳಿಗೆ ಸಲಹೆ ನಿಂತಿರುತ್ತದೆ. ಹೊಸಬರು ಸೇರಿದಾಗ ಹಂತ 1ರಿಂದಲೇ ಶುರುಮಾಡಿ, ಸಹಿ ಹಾಕಿದ ಹಾಳೆಯನ್ನು ವರ್ಷಕ್ಕೊಮ್ಮೆ ವೈದ್ಯರು ಮತ್ತೆ ಓದಿ ದಿನಾಂಕ ಬದಲಿಸಲಿ.